ಗುಂಟೆಯ ಲೆಕ್ಕವೂ ವರ್ಗಮೂಲವೂ

ವರ್ಗ, ವರ್ಗಮೂಲ ಎಂಬ ಮಾತು ಕಿವಿಗೆ ಬಿದ್ದೊಡನೆ ಹಿರಿಯ ಪ್ರಾಥಮಿಕ ಶಾಲೆಯ ಅನೇಕ ಮಕ್ಕಳ ಮುಖ ಬಾಡುತ್ತದೆ. "ನಮಗದು ತಿಳಿಯದು, ಮೇಷ್ಟರನ್ನೇ ಕೇಳು" ಎಂದು ತಂದೆತಾಯಿಗಳು ಹಿಂದೆ ಸರಿಯುತ್ತಾರೆ. ಹಾಗೆ ಸರಿಯುವ ಅಗತ್ಯವಿಲ್ಲವೆಂಬುದು ನಮ್ಮ ಅಭಿಪ್ರಾಯ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂತಹ ಊರುಗಳಲ್ಲಿ ಪಹಣಿ ಓದಬಲ್ಲ ಹಿರಿಯರಿಗೆಲ್ಲ ಈ ಪಾಠದ ಮೊದಲ ಮೆಟ್ಟಿಲು ಪರಿಚಿತವೇ ಆಗಿದೆ. ಅದು ಗುಂಟೆ.

ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲದ ಚೌಕ ನೆಲ ಒಂದು ಗುಂಟೆ. ೩೩ನ್ನು ೩೩ರಿಂದಲೇ ಗುಣಿಸಿದರೆ ೧೦೮೯ ಚದರ ಅಡಿ. ಈ ೧೦೮೯ ಎಂಬುದು ೩೩ರ ವರ್ಗ. ಚೌಕದ ವಿಸ್ತೀರ್ಣ ಮಾತ್ರ ತಿಳಿದಿದ್ದು ಅದರ ಒಂದು ಬದಿಯನ್ನು ಕಂಡುಹಿಡಿಯುವುದೇ ವರ್ಗಮೂಲದ ಲೆಕ್ಕ. ೧೦೮೯ರ ವರ್ಗಮೂಲ ೩೩.

ಮಕ್ಕಳು ಸಾಮಾನ್ಯವಾಗಿ ಎಡವುವುದು ಒಂದು ಕಡೆ. ೫ರ ವರ್ಗ ೧೦ ಎಂದು ಬರೆದುಬಿಡುತ್ತಾರೆ. ಆಗ ಗದರಿಸದೆ, ಹುಣಸೆ ಬೀಜಗಳನ್ನು ಸಾಲಿಗೆ ಐದರಂತೆ ಐದು ಸಾಲು ಜೋಡಿಸಲು ಹೇಳಬೇಕು. ಎಣಿಸಿದಾಗ ೨೫ ಎಂಬುದು ಮಗುವಿಗೇ ಹೊಳೆಯುತ್ತದೆ. ಇದು ಕೇವಲ ಅಂಕಗಳ ಮಾತಲ್ಲ. ಚೌಕದ ಬದಿ ೩೩ ಅಡಿಯಿಂದ ೬೬ ಅಡಿಯಾದರೆ ನೆಲ ಎರಡು ಗುಂಟೆಯಾಗದು, ನಾಲ್ಕು ಗುಂಟೆಯಾಗುತ್ತದೆ. ಇದನ್ನರಿಯದವನು ಮುಂದೆ ನೆಲ ಕೊಳ್ಳುವಾಗಲೂ ಮಾರುವಾಗಲೂ ನಷ್ಟಕ್ಕೊಳಗಾದಾನು.

ಇನ್ನು ಒಂದು ಎಕರೆಗೆ ೪೦ ಗುಂಟೆ. ನಲವತ್ತು ಬೀಜಗಳನ್ನು ಚೌಕವಾಗಿ ಜೋಡಿಸಲು ಮಗು ಯತ್ನಿಸಲಿ. ಸಾಲಿಗೆ ಆರರಂತೆ ಆರು ಸಾಲಿಗೆ ೩೬ ಹಿಡಿದು ನಾಲ್ಕು ಉಳಿಯುತ್ತವೆ. ಏಳೇಳು ಜೋಡಿಸಲು ೪೯ ಬೇಕು. ಆದುದರಿಂದ ೪೦ರ ವರ್ಗಮೂಲ ೬ಕ್ಕೂ ೭ಕ್ಕೂ ನಡುವೆ, ೬ರ ಸಮೀಪದಲ್ಲಿದೆ; ಸುಮಾರು ೬.೩೨. ಇದನ್ನು ೩೩ರಿಂದ ಗುಣಿಸಿದರೆ ಚೌಕವಾದ ಒಂದು ಎಕರೆಯ ಬದಿ ೨೦೮ ಅಡಿಗಿಂತ ತುಸು ಹೆಚ್ಚೆಂದು ತಿಳಿಯುತ್ತದೆ. ಎಲ್ಲ ಸಂಖ್ಯೆಗಳೂ ಪೂರ್ಣ ವರ್ಗಗಳಲ್ಲವೆಂಬ ತತ್ತ್ವವನ್ನು ಉಳಿದ ನಾಲ್ಕು ಬೀಜಗಳೇ ಕಲಿಸುತ್ತವೆ.

ಗಣಿತವು ನಮ್ಮ ನುಡಿಗೆ ಹೊರಗಿನದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯ ಕವಿಯು 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲಿ ರಚಿಸಿದನು. ವ್ಯವಹಾರದ ಲೆಕ್ಕ, ನೆಲದ ಲೆಕ್ಕಗಳಿಗೆ ಅಂದೇ ಕನ್ನಡದಲ್ಲಿ ಗ್ರಂಥಗಳಿದ್ದುವು.

ಸೂತ್ರವನ್ನು ಉರುಹೊಡೆಸುವ ಮೊದಲು ತಾಯಂದಿರು ಒಂದು ಹಿಡಿ ಬೀಜ ಕೊಡಲಿ, ತಂದೆಯರು ರಜೆಯ ದಿನ ಹಗ್ಗ ಹಿಡಿದು ಕಣದಲ್ಲೋ ಹೊಲದಲ್ಲೋ ಒಂದು ಗುಂಟೆಯನ್ನು ಮಕ್ಕಳಿಂದಲೇ ಅಳೆಸಲಿ. ಹೀಗೆ ಕೈಯಾರೆ ಅಳೆದ ಮಗು ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಅಂಜದು.