ಡ್ಯೂಟಿ ಮುಗಿದ ಮೇಲೆ – 17: ಮೂಳೆ ಗಿಡ್ಡ ಮಾಡುವ ಮುಂಚೆ

ಮೊನ್ನೆ ಪುತ್ತೂರಿನ ಅಕ್ಕ ಒಬ್ರು ಕೇಳಿದ್ರು: "ಮುಸಫ್ಫಾದಲ್ಲಿರುವ ಮಗನ ಮಣಿಕಟ್ಟು ನೋವಿಗೆ ಮೂಳೆ ಗಿಡ್ಡ ಮಾಡ್ಬೇಕಂತೆ, ನಿಜವಾ ಮಾರಾಯ್ತಿ?"

ನಿಜ. ಕಿರುಬೆರಳಿನ ಕಡೆಯ ಮೂಳೆ, ಅಲ್ನಾ, ಉದ್ದವಾಗಿದ್ರೆ ಮಣಿಕಟ್ಟಿನ ಸಣ್ಣ ಮೂಳೆಗಳಿಗೆ ಒತ್ತುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಬೀಳುವ ಭಾರ ಶೇ. 20ರಷ್ಟು, ಬರೀ ಎರಡೂವರೆ ಮಿಲಿಮೀಟರ್ ಹೆಚ್ಚಾದ್ರೆ ಶೇ. 40 ದಾಟುತ್ತದೆ. ಅದಕ್ಕೇ ಕೆಲವು ಮಿಲಿಮೀಟರ್ ಕತ್ತರಿಸಿ ಪ್ಲೇಟ್, ಸ್ಕ್ರೂ ಹಾಕುವುದು. ಹೆಚ್ಚಿನವರಿಗೆ ನೋವು ಕಡಿಮೆಯಾಗುತ್ತದೆ.

ಆದ್ರೆ ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಸಿಗರೇಟ್ ಸೇದುವವರಿಗೆ ಇನ್ನೂ ತಡ, ಕೆಲವರಿಗೆ ಕೂಡುವುದೇ ಇಲ್ಲ. ಪ್ಲೇಟ್ ಚುಚ್ಚುತ್ತದೆ ಅಂತ ತೆಗೆಸಲು ಮತ್ತೊಂದು ಆಪರೇಷನ್ ಆಗುವುದೂ ಉಂಟು. ಇಲ್ಲಿನ ಕಾನೂನಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನ ಸಿಕ್ ಲೀವ್: 15 ದಿನ ಪೂರ್ತಿ ಸಂಬಳ, 30 ದಿನ ಅರ್ಧ, ಉಳಿದ 45 ದಿನ ಏನೂ ಇಲ್ಲ. ಸಾಲದ ಕಂತಿರುವವನು ಮೂಳೆ ಕೂಡುವ ಮೊದಲೇ ಭಾರ ಎತ್ತಲು ಹೋಗ್ತಾನೆ.

ನಾನು ಹೇಳುವುದಿಷ್ಟೇ: ಮೊದಲು ಸ್ಪ್ಲಿಂಟ್, ವಿಶ್ರಾಂತಿ, ಹಗುರ ಕೆಲಸ ನೋಡಿ. ಆಪರೇಷನ್ ಬೇಕೇ ಬೇಕಾದ್ರೆ ಸಿಗರೇಟ್ ಬಿಡಿಸಿ, ರಜೆಯ ಲೆಕ್ಕ ಮೊದಲೇ ಹಾಕಿ. ಆ ಮೂರು ತಿಂಗಳು ಊರಿಂದ "ದುಡ್ಡು ಯಾವಾಗ ಕಳಿಸ್ತಿ" ಅಂತ ಕೇಳ್ಬೇಡಿ. ಅದೂ ಚಿಕಿತ್ಸೆಯೇ.