ಮನೆವಾರ್ತೆ: ಧೂಳು ಹೀರುವ ಯಂತ್ರವೂ ಸಾಕಿದ ನಾಯಿಯೂ

ಹೋದ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಒಂದು ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಿಂದ ಬಂದುದು. ಬರೆದವರು ಗೃಹಿಣಿ. ಕೆಳಗೆ ಗಂಡನ ಜವಳಿ ಅಂಗಡಿ, ಮೇಲೆ ವಾಸದ ಮನೆ. ಮಾವನವರು ಕಾಲವಾಗುವುದಕ್ಕೆ ಎರಡು ವರ್ಷ ಮೊದಲು ಬೀದಿಯಲ್ಲಿ ನಡುಗುತ್ತಿದ್ದ ಒಂದು ಬಿಳಿಯ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಬಂದು ಸಾಕಿದರಂತೆ. ಈಗ ಅದು ದೊಡ್ಡ ನಾಯಿಯಾಗಿ ಅತ್ತೆಯವರ ಮಂಚದ ಕಾಲಬಳಿಯಲ್ಲಿ ಮಲಗುವುದು. ಅದರ ರೋಮ ಮಾತ್ರ ಮನೆಯ ಎಲ್ಲೆಡೆಯೂ ಇರುವುದು. ಮದುವೆಗೆಂದು ಒಬ್ಬ ಹಳೆಯ ಗಿರಾಕಿ ಒಯ್ದಿದ್ದ ಕಪ್ಪು ಸೂಟಿಂಗ್ ಬಟ್ಟೆ ಮರುದಿನವೇ ಹಿಂದಕ್ಕೆ ಬಂದಿತು. ಮಡಿಕೆ ಬಿಚ್ಚಿದರೆ ತುಂಬ ಬಿಳಿಯ ಕೂದಲು. ಅಂದಿನ ರಾತ್ರಿ ಯಜಮಾನರು, “ನಾಯಿಯನ್ನು ಹೊಸಕೋಟೆಯಾಚೆ ಯಾರ ತೋಟಕ್ಕಾದರೂ ಕೊಟ್ಟುಬಿಡೋಣ” ಎಂದರು. ಅತ್ತೆಯವರು ಏನೂ ಹೇಳಲಿಲ್ಲ. ಊಟಕ್ಕೆ ಮಾತ್ರ ಏಳಲಿಲ್ಲ. “ಧೂಳು ಹೀರುವ ಯಂತ್ರವೊಂದನ್ನು ತಂದರೆ ಈ ತೊಂದರೆ ತೀರುವುದೆ? ತೀರುವುದಾದರೆ ಎಂತಹುದನ್ನು ತರಬೇಕು?” ಎಂಬುದು ಆ ಸೋದರಿಯ ಪ್ರಶ್ನೆ.

ದೂರದಲ್ಲಿ ಕುಳಿತು ಇಂತಹ ಪ್ರಶ್ನೆಗೆ ಉತ್ತರ ಬರೆಯುವುದು ರೋಗಿಯನ್ನು ನೋಡದೆ ಮದ್ದು ಕೊಟ್ಟಂತೆ. ಆದುದರಿಂದ ನಾವೇ ಹೋಗಿ ನೋಡಿದೆವು. ದಂಡಿನ ಪ್ರದೇಶದ ಆ ಬೀದಿಯನ್ನು ನಮ್ಮ ವಾಚಕರಲ್ಲಿ ಅರಿಯದವರು ಕಡಮೆ. ಒಂದು ಕಾಲದಲ್ಲಿ ಕ್ಯಾವಲ್ರಿ ರಸ್ತೆ ಎನಿಸಿಕೊಂಡಿದ್ದ ಈಗಿನ ಕಾಮರಾಜ ರಸ್ತೆಯಿಂದ ಒಳಗೆ ಕಾಲಿಟ್ಟರೆ ಜವಳಿ, ಒಡವೆ, ಪಾದರಕ್ಷೆ, ಲೇಸುಪಟ್ಟಿ. ಕನ್ನಡ, ತಮಿಳು, ಉರ್ದು ಮೂರರಲ್ಲಿಯೂ ಚೌಕಾಸಿ. ನಮ್ಮ ಸೋದರಿಯ ಮನೆ ಹಳೆಯದು. ಕೆಂಪು ಗಾರೆಯ ನೆಲ, ಮರದ ಮೆಟ್ಟಿಲು, ಕೂಡದಲ್ಲಿ ಒಂದು ದಿವಾನ, ಒಂದು ಜಮಖಾನ. ಇವನ್ನೆಲ್ಲ ಹೇಳುವುದಕ್ಕೆ ಕಾರಣವುಂಟು. ಯಂತ್ರವನ್ನು ಆರಿಸತಕ್ಕವರು ಮೊದಲು ನೋಡಬೇಕಾದುದು ಅಂಗಡಿಯನ್ನಲ್ಲ, ತಮ್ಮ ಮನೆಯ ನೆಲವನ್ನು.

ಪೊರಕೆಯಿಂದ ಈ ಕೆಲಸ ಏಕಾಗದು ಎಂಬುದನ್ನು ಮೊದಲು ತಿಳಿಯೋಣ. ಮಣ್ಣಿನ ಧೂಳು ಭಾರ. ಗುಡಿಸಿದ ಕಡೆಗೆ ಸರಿಯುವುದು. ರೋಮವಾದರೋ ಹಗುರ. ಪೊರಕೆಯ ಬೀಸಿಗೆ ಎದ್ದು, ಗುಡಿಸುವವರ ಬೆನ್ನ ಹಿಂದೆಯೇ ಮತ್ತೆ ಇಳಿಯುವುದು. ಬಟ್ಟೆಯ ಮೇಲಂತೂ ನೇಯ್ಗೆಯ ಸಂದಿನಲ್ಲಿ ಸೂಜಿಯಂತೆ ನಾಟಿಕೊಳ್ಳುವುದು. ಬೇಸಿಗೆಯ ಒಣಹವೆಯಲ್ಲಿ ಬಟ್ಟೆ ಬಟ್ಟೆಗೆ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದು. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಈ ಗುಣ ಹೆಚ್ಚು. ಗಿರಾಕಿಯ ಕೈಗೆ ಬಂದ ಕಪ್ಪು ಥಾನಿನ ಕಥೆ ಇದೇ.

ಊದುವುದನ್ನು ಬಿಟ್ಟು ಹೀರಬೇಕೆಂಬ ಬುದ್ಧಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರಿಗೆ 1901ರಲ್ಲಿ ಹೊಳೆಯಿತು. ಧೂಳನ್ನು ಊದಿ ಓಡಿಸುವ ಯಂತ್ರವೊಂದನ್ನು ನೋಡಿ ಬಂದ ಆತ, ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವನ್ನಿಟ್ಟು ಬಾಯಿಂದ ಹೀರಿ, ಕರವಸ್ತ್ರದ ಕೆಳಗೆ ಕಟ್ಟಿದ ಕೊಳೆಯನ್ನು ಕಂಡು ಸಂತೋಷಪಟ್ಟನಂತೆ. ಅವನ ಯಂತ್ರ ಕುದುರೆಗಾಡಿಯ ಮೇಲೆ ಬರುತ್ತಿದ್ದಷ್ಟು ದೊಡ್ಡದು; ಬೀದಿಯಲ್ಲಿ ನಿಂತು ಕಿಟಕಿಯ ಮೂಲಕ ಕೊಳವೆಗಳನ್ನು ಒಳಗೆ ಬಿಡುತ್ತಿದ್ದಿತು. ಶಿವನಸಮುದ್ರದ ವಿದ್ಯುಚ್ಛಕ್ತಿ ಬೆಂಗಳೂರಿನ ದೀಪಗಳಿಗೆ ಬಂದುದು 1905ರಲ್ಲಿ ಎಂಬುದನ್ನು ನೆನೆದರೆ ಅಂದಿನ ಕಾಲ ಎಷ್ಟರದೆಂದು ತಿಳಿಯುವುದು. ಕೈಯಲ್ಲಿ ಹಿಡಿದು ನಡೆಸುವ ಯಂತ್ರವನ್ನು ಬಳಕೆಗೆ ತಂದವನು ಅಮೆರಿಕದ ಓಹಾಯೋ ಪ್ರಾಂತದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಆತ ಒಂದು ದೊಡ್ಡ ಅಂಗಡಿಯ ಕಸ ಗುಡಿಸುವವನು, ಉಬ್ಬಸದ ರೋಗಿ. ಗುಡಿಸಿದಷ್ಟೂ ಉಸಿರು ಕಟ್ಟುತ್ತಿದ್ದುದರಿಂದ ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇವನ್ನು ಕೂಡಿಸಿ ಯಂತ್ರ ಕಟ್ಟಿ 1908ರಲ್ಲಿ ಹಕ್ಕುಪತ್ರ ಪಡೆದ. ಅದನ್ನು ಕೊಂಡು ಲೋಕಪ್ರಸಿದ್ಧಿ ಮಾಡಿದವನು ಚರ್ಮದ ಸಾಮಾನಿನ ವ್ಯಾಪಾರಿ ಹೂವರ್. ಬಡ ಜಾಡಮಾಲಿಯ ಉಬ್ಬಸದಿಂದ ಹುಟ್ಟಿದ ವಸ್ತು ಇಂದು ಶ್ರೀಮಂತಿಕೆಯ ಗುರುತಾಗಿರುವುದು ವಿಚಿತ್ರವೇ ಸರಿ.

ಯಂತ್ರದ ಒಳಗುಟ್ಟು ಸರಳ. ಮೋಟಾರಿನ ರೆಕ್ಕೆ ತಿರುಗಿ ಒಳಗಿನ ಗಾಳಿಯನ್ನು ಹೊರಕ್ಕೆ ತಳ್ಳುವುದು. ಆ ತೆರವನ್ನು ತುಂಬಲು ಹೊರಗಿನ ಗಾಳಿ ಮೂತಿಯಿಂದ ನುಗ್ಗಿ ಬರುವಾಗ ಧೂಳನ್ನೂ ಹೊತ್ತು ತರುವುದು. ಚೀಲವೋ ಜರಡಿಯೋ ಧೂಳನ್ನು ಹಿಡಿದುಕೊಂಡು ಗಾಳಿಯನ್ನು ಬಿಡುವುದು. ಅಂಗಡಿಯವರು ಮೊದಲು ಹೇಳುವುದು ವಾಟ್ ಸಂಖ್ಯೆಯನ್ನು. ವಾಟ್ ಎಂಬುದು ಯಂತ್ರ ಎಷ್ಟು ವಿದ್ಯುತ್ತನ್ನು ತಿನ್ನುವುದೆಂಬುದರ ಲೆಕ್ಕವೇ ಹೊರತು ಎಷ್ಟು ಕೆಲಸ ಮಾಡುವುದೆಂಬುದರದಲ್ಲ. ಹೆಚ್ಚು ಉಣ್ಣುವ ಆಳು ಹೆಚ್ಚು ದುಡಿಯುವನೆಂಬ ನಿಯಮವಿಲ್ಲವಷ್ಟೆ. ಐರೋಪ್ಯ ಒಕ್ಕೂಟದವರು 2014ರಲ್ಲಿ 1600 ವಾಟಿಗೂ 2017ರಲ್ಲಿ 900 ವಾಟಿಗೂ ಮಿತಿಯನ್ನು ಕಟ್ಟಿದರು. ಆ ಮಿತಿಯೊಳಗೇ ಚೆನ್ನಾಗಿ ಗುಡಿಸುವ ಯಂತ್ರಗಳು ಅಲ್ಲಿ ತಯಾರಾದುವು. ಎರಡನೆಯದಾಗಿ ಹೇಳುವುದು ಹೀರುವ ಬಲವನ್ನು, ಕಿಲೊಪಾಸ್ಕಲ್ ಲೆಕ್ಕದಲ್ಲಿ. ಅದನ್ನು ಮೂತಿ ಮುಚ್ಚಿ ಅಳೆಯುವುದು ವಾಡಿಕೆ. ರೋಮವನ್ನು ಹೊತ್ತೊಯ್ಯುವುದಕ್ಕೆ ಆ ಬಲದ ಜೊತೆಗೆ ಗಾಳಿಯ ಓಟವೂ ಬೇಕು. ಎರಡನ್ನೂ ಕೇಳತಕ್ಕದ್ದು.

ನಮ್ಮ ಸೋದರಿಯ ಮನೆಯಲ್ಲಿ ವಾಟಿನ ವಿಷಯಕ್ಕೆ ಇನ್ನೊಂದು ಮುಖವಿದ್ದಿತು. ಮೇಲಿನ ಮನೆಯಲ್ಲಿ ನೀರು ಕಾಯಿಸುವ ಗೀಸರಿನದೊಂದನ್ನು ಬಿಟ್ಟರೆ ಮಿಕ್ಕ ಪ್ಲಗ್ಗುಗಳೆಲ್ಲ 6 ಆಂಪಿಯರಿನವು. 230 ವೋಲ್ಟಿಗೆ 6 ಆಂಪಿಯರ್ ಎಂದರೆ 1380 ವಾಟ್. 1600 ವಾಟಿನ ಯಂತ್ರ ಸುಮಾರು 7 ಆಂಪಿಯರನ್ನು ಎಳೆಯುವುದು. ಅದನ್ನು ಹಳೆಯ ತಂತಿಯ ಸಣ್ಣ ಪ್ಲಗ್ಗಿಗೆ ಹಾಕುವುದು, ಅದರಲ್ಲಿಯೂ ಕೆಳಗೆ ಜವಳಿ ತುಂಬಿರುವಾಗ, ಬೆಂಕಿಯೊಡನೆ ಸರಸ. ಹಳೆಯ ಮನೆಗಳವರು ಯಂತ್ರ ಕೊಳ್ಳುವ ಮುನ್ನ ಎಲೆಕ್ಟ್ರೀಷಿಯನನ್ನು ಕರೆಯಿಸಿ ತಂತಿಯನ್ನು ನೋಡಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಇನ್ನು ಮೂತಿಯ ವಿಚಾರ. ಸಾಕುಪ್ರಾಣಿಯ ರೋಮಕ್ಕೆ ಸಂಬಂಧಿಸಿದಂತೆ ಇದೇ ಮುಖ್ಯವಾದುದು. ವಿದೇಶದ ಮನೆಗಳಲ್ಲಿ ನೆಲಕ್ಕೆಲ್ಲ ರತ್ನಗಂಬಳಿ. ಅದರೊಳಗಿನ ರೋಮವನ್ನು ಕೆದಕಿ ತೆಗೆಯುವುದಕ್ಕೆ ಗಡುಸು ಕೂದಲಿನ, ಉರುಳುವ ಕುಂಚ ಬೇಕು. ನಮ್ಮ ಗಾರೆ, ಮೊಸಾಯಿಕ್, ಟೈಲ್ಸ್ ನೆಲಗಳ ಮೇಲೆ ಅದೇ ಕುಂಚ ರೋಮವನ್ನು ಹಿಂದಕ್ಕೂ ಮುಂದಕ್ಕೂ ಚಿಮ್ಮಿಬಿಡುವುದು. ನೆಲಕ್ಕೆ ಚಪ್ಪಟೆಯಾದ, ಮೆತ್ತನೆಯ ಅಂಚಿನ ಮೂತಿ ಸಾಕು. ಉರುಳುವ ಕುಂಚ ಬೇಕಾದುದು ದಿವಾನ, ಹಾಸಿಗೆ, ಜಮಖಾನ, ಮೋಟಾರುಗಾಡಿಯ ಸೀಟು ಇವಕ್ಕೆ. ಅದರಲ್ಲಿ ಎರಡು ಬಗೆ: ತನ್ನದೇ ಸಣ್ಣ ಮೋಟಾರಿನಿಂದ ಉರುಳುವುದು ಒಂದು, ಹೀರುವ ಗಾಳಿಯ ಓಟದಿಂದಲೇ ಉರುಳುವುದು ಇನ್ನೊಂದು. ಎರಡನೆಯದು ಅಗ್ಗ; ಆದರೆ ಒತ್ತಿ ಹಿಡಿದರೆ ನಿಂತುಹೋಗುವುದು. ಯಾವುದಾದರೂ ಸರಿ, ಕುಂಚವನ್ನು ಹೊರಕ್ಕೆ ತೆಗೆಯಲು ಬರುವುದೆ ಎಂದು ನೋಡಿ. ನಾಯಿಯ ರೋಮಕ್ಕಿಂತ ಮನೆಯ ಹೆಂಗಸರ ಉದ್ದ ಕೂದಲೇ ಅದಕ್ಕೆ ಹೆಚ್ಚು ಸುತ್ತಿಕೊಳ್ಳುವುದು; ವಾರಕ್ಕೊಮ್ಮೆ ಕತ್ತರಿ ಹಾಕಿ ಬಿಡಿಸದಿದ್ದರೆ ಕುಂಚ ತಿರುಗದು.

ಜರಡಿಯ ಮಾತು. ನಾಯಿಬೆಕ್ಕುಗಳಿಂದ ಸೀನು, ಉಬ್ಬಸ ಬರುವವರಿಗೆ ರೋಮವೇ ಶತ್ರುವೆಂದು ಅನೇಕರು ತಿಳಿದಿರುವರು. ಅದು ಪೂರ್ಣ ಸತ್ಯವಲ್ಲ. ಪ್ರಾಣಿಯ ಜೊಲ್ಲು, ಚರ್ಮದ ಜಿಡ್ಡು ಮತ್ತು ಹೊಟ್ಟಿನಲ್ಲಿರುವ ಸಸಾರಜನಕ ವಸ್ತುಗಳು ನಿಜವಾದ ಕಾರಣ. ರೋಮ ಅವುಗಳ ವಾಹನ. ಅವು ಅತಿ ಸೂಕ್ಷ್ಮ. ಸಾಮಾನ್ಯ ಜರಡಿಯನ್ನು ದಾಟಿ ಹಿಂದಿನಿಂದ ಹೊರಬಿದ್ದು ಕೋಣೆಯಲ್ಲಿ ತೇಲುವುವು. ಹೆಪಾ ಎಂಬ ಜರಡಿ, ಮಿಲಿಮೀಟರಿನ ಸಾವಿರದ ಒಂದು ಪಾಲಾದ ಮೈಕ್ರಾನಿನಲ್ಲಿ 0.3ರಷ್ಟು ಗಾತ್ರದ ಕಣಗಳಲ್ಲಿ ನೂರಕ್ಕೆ 99.97ನ್ನು ತಡೆಯುವುದು. ಆದರೆ ಯಂತ್ರದ ಕೀಲುಸಂದುಗಳಲ್ಲಿ ಗಾಳಿ ಸೋರಿದರೆ ಈ ಜರಡಿ ಇದ್ದೂ ಇಲ್ಲದಂತೆ. ಚೀಲವಿಲ್ಲದ, ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳನ್ನು ಬೇರ್ಪಡಿಸುವ ಯಂತ್ರಗಳು ಈಗ ಹೆಚ್ಚು. ಚೀಲದ ಖರ್ಚಿಲ್ಲ, ನಿಜ. ಆದರೆ ಡಬ್ಬಿಯನ್ನು ಬುಟ್ಟಿಗೆ ಸುರಿಯುವಾಗ ಹಿಡಿದ ಧೂಳಿನ ಒಂದು ಪಾಲು ಮುಖಕ್ಕೇ ಬರುವುದು. ಸೀನುವವರಿರುವ ಮನೆಗೆ ಚೀಲವೇ ಲೇಸು, ಕಟ್ಟಿದಂತೆಯೇ ಎಸೆಯಬಹುದು. ಆ ಚೀಲ ಊರಿನಲ್ಲಿ ದೊರೆಯುವುದೆ, ಬೆಲೆಯೆಷ್ಟು ಎಂದು ಮಾತ್ರ ಮೊದಲೇ ಕೇಳಿಡಬೇಕು.

ತಂತಿಯಿಲ್ಲದ ಯಂತ್ರಗಳು ಹಗುರ, ಮೆಟ್ಟಿಲಿಗೆ ಅನುಕೂಲ. ಆದರೆ ಬಲವನ್ನು ಹೆಚ್ಚಿಸಿದೊಡನೆ ಬ್ಯಾಟರಿ ಬೇಗ ಬರಿದಾಗುವುದು, ಕೆಲವು ವರ್ಷಗಳಲ್ಲಿ ಅದನ್ನು ಬದಲಿಸಲೂ ಬೇಕು. ತಾನಾಗಿ ಓಡಾಡುವ ರೋಬೋ ಯಂತ್ರ ದಿನದಿನದ ನೆಲದ ರೋಮಕ್ಕೆ ಒಳ್ಳೆಯ ಸಹಾಯ, ದಿವಾನವನ್ನು ಹತ್ತಲಾರದು. ನಾಯಿಮರಿ ಮನೆಯೊಳಗೆ ಮಾಡಬಾರದುದನ್ನು ಮಾಡಿದ್ದರೆ, ಅದನ್ನು ಕೂಡದಿಂದ ದೇವರಮನೆಯವರೆಗೆ ಶ್ರದ್ಧೆಯಿಂದ ಬಳಿದು ಬರುವುದೂ ಉಂಟು. ಮಡಿಯುಳ್ಳ ಮನೆಯವರು ಯೋಚಿಸತಕ್ಕದ್ದು.

ಇಷ್ಟನ್ನು ತಿಳಿದುಕೊಂಡು ಆ ಸೋದರಿಯೊಡನೆ ನಾವು ಅಂಗಡಿಗೆ ಹೋದೆವು. ಅಲ್ಲಿಯವರು ಕಪ್ಪು ಬಟ್ಟೆಯ ಮೇಲೆ ಉಪ್ಪು ಚೆಲ್ಲಿ, ಒಂದೇ ಎಳೆತಕ್ಕೆ ಹೀರಿ ತೋರಿಸಿದರು. ಉಪ್ಪು ನಾಟಿಕೊಳ್ಳುವ ಪದಾರ್ಥವಲ್ಲ. ಅದನ್ನು ಊದಿದರೂ ಹೋಗುವುದು. ನಮ್ಮ ಸೋದರಿ ಚೀಲದಿಂದ ಒಂದು ಕಾಗದದ ಪೊಟ್ಟಣವನ್ನೂ ದಿವಾನದ ಹಳೆಯ ಮುಸುಕಿನ ತುಂಡನ್ನೂ ತೆಗೆದರು. ಪೊಟ್ಟಣದಲ್ಲಿ ನಾಯಿಯ ರೋಮ. ಮಾರುವ ಹುಡುಗ ಮೊದಲು ನಕ್ಕ. ರೋಮವನ್ನು ತುಂಡಿನ ಮೇಲೆ ಹರಡಿ, ಅಂಗೈಯಿಂದ ನಾಲ್ಕು ಬಾರಿ ಉಜ್ಜಿ ಕೊಟ್ಟಾಗ ಅತಿ ಹೆಚ್ಚು ಬೆಲೆಯ ಯಂತ್ರ ಅರ್ಧವನ್ನು ಬಿಟ್ಟಿತು. ಮಧ್ಯಮ ಬೆಲೆಯದೊಂದು, ಸಣ್ಣ ಉರುಳುಕುಂಚದ ಸಹಾಯದಿಂದ, ಮೂರೆಳೆತಕ್ಕೆ ತುಂಡನ್ನು ಶುಚಿಮಾಡಿತು. ಅದನ್ನೇ ಕೊಂಡೆವು: ತಂತಿಯುಳ್ಳದ್ದು, 1200 ವಾಟಿನದು, ಚೀಲದ್ದು, ಹೆಪಾ ಜರಡಿಯದು. ಪೊಟ್ಟಣದ ಪರೀಕ್ಷೆಯನ್ನು ನಮ್ಮ ವಾಚಕರೂ ನಾಚದೆ ಮಾಡಬೇಕು.

ಹಾಗಾದರೆ ಯಂತ್ರ ಬಂದು ತೊಂದರೆ ತೀರಿತೆ? ಇಲ್ಲ. ಯಂತ್ರ ಬಿದ್ದ ರೋಮವನ್ನು ಮಾತ್ರ ಎತ್ತಬಲ್ಲುದು. ರೋಮ ಬೀಳುವ ಮೊದಲೇ ಅದನ್ನು ಹಿಡಿಯುವ ಉಪಕರಣ ಬಾಚಣಿಗೆ. ಪ್ರತಿಯೊಂದು ರೋಮವೂ ಬೆಳೆದು, ನಿಂತು, ಉದುರುವುದು ಪ್ರಕೃತಿನಿಯಮ. ಮನೆಯೊಳಗೆ ಬಾಳುವ ನಾಯಿಗಳು ವರ್ಷವಿಡೀ ಅಷ್ಟಿಷ್ಟು ಉದುರಿಸುತ್ತಲೇ ಇರುವುವು. ದಿನಕ್ಕೆ ಹತ್ತು ನಿಮಿಷ ತಾರಸಿಯ ಮೇಲೆ ಬಾಚಿದರೆ ಮನೆಯೊಳಗೆ ಬೀಳುವುದರ ಬಹುಪಾಲು ಅಲ್ಲಿಯೇ ಕೈಗೆ ಸಿಕ್ಕುವುದು. ಈ ಕೆಲಸವನ್ನು ಯಾರೂ ಹೇಳದೆಯೇ ಅತ್ತೆಯವರು ವಹಿಸಿಕೊಂಡರು. ನಾಯಿ ಮಲಗುವ ಕಡೆ ಒಗೆಯಬಹುದಾದ ದುಪ್ಪಟಿಯೊಂದನ್ನು ಹಾಸಿ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದಾಯಿತು. ಮೆಟ್ಟಿಲ ಬಾಗಿಲಿಗೆ ಜಾಲರಿ ಹಾಕಿಸಿ, ನಾಯಿ ಕೆಳಗಿಳಿಯದಂತೆ ಮಾಡಿದರು. ಕಪ್ಪು ಥಾನುಗಳು ಗಾಜಿನ ಬೀರುವಿಗೆ ಹೋದುವು. ದಿವಾನದ ಅಂಚಿನಲ್ಲಿ ಯಂತ್ರಕ್ಕೆ ಸಿಕ್ಕದ ರೋಮಕ್ಕೆ, ಒದ್ದೆಮಾಡಿದ ರಬ್ಬರ್ ಕೈಚೀಲ ತೊಟ್ಟು ಒಂದೇ ದಿಕ್ಕಿಗೆ ಸವರುವುದು ಸಾಕಾಯಿತು. ಯಂತ್ರದ ಸದ್ದಿಗೆ ನಾಯಿ ಮೊದಲ ದಿನ ಮಂಚದ ಕೆಳಗೆ ನುಗ್ಗಿತು; ಬೇರೆ ಕೋಣೆಯಲ್ಲಿ ಓಡಿಸುತ್ತ ಅಭ್ಯಾಸ ಮಾಡಿಸಿದ ಮೇಲೆ ವಾರದಲ್ಲಿ ಸುಮ್ಮನಾಯಿತು.

ಒಂದು ತಿಂಗಳಾದ ಮೇಲೆ ಆ ಸೋದರಿ ಮತ್ತೆ ಬರೆದಿರುವರು. ಬಟ್ಟೆ ಹಿಂದಿರುಗಿಸಿದ ಗಿರಾಕಿ ಮರಳಿ ಬಂದಿಲ್ಲ. ಬರುವರೆಂಬ ಆಸೆಯೂ ಇಲ್ಲ. ಹೊಸ ದೂರು ಮಾತ್ರ ಒಂದೂ ಬಂದಿಲ್ಲ. ತೋಟದ ಮಾತನ್ನು ಯಜಮಾನರು ಮತ್ತೆ ಎತ್ತಿಲ್ಲ. ಸಂಜೆ ಅತ್ತೆಯವರು ತಾರಸಿಯ ಮೇಲೆ ನಾಯಿಯನ್ನು ಬಾಚುತ್ತ, ಮಾವನವರು ಅದನ್ನು ತಂದ ದಿನದ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಿರುವರಂತೆ.

ಯಂತ್ರಕ್ಕಾದ ಹಣ ದಂಡವಲ್ಲವೆಂದು ನಾವು ತಿಳಿಯುತ್ತೇವೆ. ಆದರೆ ಕೊಳ್ಳತಕ್ಕವರು ಇದನ್ನು ನೆನಪಿನಲ್ಲಿಡಬೇಕು: ಮೊದಲು ಬಾಚಣಿಗೆ, ಆಮೇಲೆ ಮನೆಯ ಏರ್ಪಾಡು, ಕಡೆಗೆ ಯಂತ್ರ. ಈ ಕ್ರಮವನ್ನು ತಿರುವುಮುರುವು ಮಾಡಿದವರಿಗೆ ಯಾವ ಬೆಲೆಯ ಯಂತ್ರವೂ ಸಾಲದು.