ತಂತ್ರಾಂಶ ಪರವಾನಗಿ ಒಪ್ಪಂದಗಳಲ್ಲಿ ಬದಲಾವಣೆ: ಉದ್ಯಮಿಗಳು ಮಾಡಿಕೊಳ್ಳಬೇಕಾದ ಸಿದ್ಧತೆ

ಹರಿಹರದಲ್ಲಿ 1941ರಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಮುಚ್ಚಿ ಎಷ್ಟೋ ವರ್ಷಗಳಾದವು. ಆದರೆ ಅಲ್ಲಿ ತಯಾರಾದ ಲೇತ್ ಯಂತ್ರಗಳು ಇಂದಿಗೂ ಹಲವು ವರ್ಕ್‌ಷಾಪ್‌ಗಳಲ್ಲಿ ತಿರುಗುತ್ತಲೇ ಇವೆ. ಹಣ ಕೊಟ್ಟು ಕೊಂಡ ಯಂತ್ರ ಕೊಂಡವನ ಸ್ವತ್ತು. ತಯಾರಕ ಉಳಿಯಲಿ, ಅಳಿಯಲಿ, ಬೇರಿಂಗ್ ಬದಲಿಸಿ ಎಣ್ಣೆ ಹಾಕುವ ಕುಶಲಕರ್ಮಿ ಇರುವವರೆಗೆ ಅದು ನಿಲ್ಲುವುದಿಲ್ಲ. ಅದೇ ವರ್ಕ್‌ಷಾಪಿನ ಮೂಲೆಯ ಗಣಕಯಂತ್ರದಲ್ಲಿರುವ ನಕ್ಷೆ ಬಿಡಿಸುವ ತಂತ್ರಾಂಶಕ್ಕೆ ಈ ಮಾತು ಅನ್ವಯಿಸದು. ಅದರ ಚಂದಾ ಮುಗಿದ ದಿನ ಯಂತ್ರ ಸುಸ್ಥಿತಿಯಲ್ಲಿದ್ದರೂ ಕೆಲಸ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ದಾವಣಗೆರೆ ಮತ್ತು ಹರಿಹರದ ಬಹುಪಾಲು ವರ್ತಕರು, ಉದ್ಯಮಿಗಳು ಇನ್ನೂ ತಮ್ಮ ಲೆಕ್ಕಾಚಾರಕ್ಕೆ ತೆಗೆದುಕೊಂಡಿಲ್ಲ. ಪರವಾನಗಿಯ ವಿಷಯವನ್ನು ಗಣಕಯಂತ್ರ ಮಾರಿದವರಿಗೆ ಬಿಟ್ಟು ನಿಶ್ಚಿಂತರಾಗಿರುವ ರೂಢಿಯೇ ಇಂದಿಗೂ ಮುಂದುವರಿದಿದೆ. ಈ ರೂಢಿ ಇನ್ನು ಮುಂದೆ ದುಬಾರಿಯಾಗಲಿದೆ.

ಮಾರಾಟದಿಂದ ಚಂದಾ ಪದ್ಧತಿಗೆ

ಒಮ್ಮೆ ಹಣ ಪಾವತಿಸಿ ಶಾಶ್ವತ ಪರವಾನಗಿ ಪಡೆಯುವ ಪದ್ಧತಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹಂತಹಂತವಾಗಿ ಹಿಂದೆ ಸರಿದಿದೆ. ಮುದ್ರಣಾಲಯಗಳು ಬಳಸುವ ಅಡೋಬಿ ತಂತ್ರಾಂಶಗಳು 2013ರಲ್ಲಿ ಚಂದಾ ಪದ್ಧತಿಗೆ ತಿರುಗಿದವು. ಆಟೊಕ್ಯಾಡ್ ತಯಾರಕರಾದ ಆಟೊಡೆಸ್ಕ್ ಸಂಸ್ಥೆ 2016ರಲ್ಲಿ ಹೊಸ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿತು. ಒಂದೇ ಸರ್ವರನ್ನು ಹಲವು ಸರ್ವರುಗಳಂತೆ ದುಡಿಸುವ ವಿಎಂವೇರ್ ತಂತ್ರಾಂಶದ ಸಂಸ್ಥೆಯನ್ನು ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ಖರೀದಿಸಿ, ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟವನ್ನು ಕೊನೆಗೊಳಿಸಿತು. ಐದು ಪರವಾನಗಿಗಳಿಂದಲೇ ಆರಂಭಿಸಬಹುದಾಗಿದ್ದ, ಸಣ್ಣ ಉದ್ಯಮಗಳಿಗೆ ಅನುಕೂಲವಾಗಿದ್ದ ಮೈಕ್ರೋಸಾಫ್ಟ್‌ನ ಓಪನ್ ಲೈಸೆನ್ಸ್ ಯೋಜನೆಯಲ್ಲಿ ಹೊಸ ಖರೀದಿ 2021ರ ಅಂತ್ಯಕ್ಕೆ ನಿಂತಿತು.

ಇಲ್ಲಿ ಕಾನೂನಿನ ನೆಲೆಯನ್ನೂ ಗಮನಿಸಬೇಕು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಕರ್ನಾಟಕ ಉಚ್ಚ ನ್ಯಾಯಾಲಯದ ಹಿಂದಿನ ನಿಲುವನ್ನು ಬದಿಗೊತ್ತಿತು. ಆ ವಿವಾದ ಆದಾಯ ತೆರಿಗೆಗೆ ಸಂಬಂಧಿಸಿದ್ದು. ಆದರೂ ಅದರಿಂದ ಒಂದು ಸಂಗತಿ ಸ್ಪಷ್ಟವಾಯಿತು. ತಂತ್ರಾಂಶ ಕೊಳ್ಳುವವನಿಗೆ ಕೃತಿಸ್ವಾಮ್ಯದ ಯಾವ ಭಾಗವೂ ವರ್ಗವಾಗುವುದಿಲ್ಲ. ಒಪ್ಪಂದದ ಷರತ್ತುಗಳಿಗೊಳಪಟ್ಟ ಬಳಕೆಯ ಹಕ್ಕು ಮಾತ್ರ ದೊರೆಯುತ್ತದೆ. ಆದ್ದರಿಂದ ಆ ಷರತ್ತುಗಳೇನು ಎಂಬುದು ತಿಳಿಯದಿದ್ದರೆ, ಏನನ್ನು ಕೊಂಡದ್ದು ಎಂಬುದೇ ತಿಳಿಯದಂತಾಗುತ್ತದೆ.

ಹಳೆಯದರಲ್ಲೇ ಮುಂದುವರಿಯಲು ಸಾಧ್ಯವೇ?

ಇದ್ದ ಹಳೆಯ ಆವೃತ್ತಿಯಲ್ಲೇ ಕಾಲ ತಳ್ಳಿದರಾಯಿತು ಎಂಬ ವಾದ ಸಹಜವಾದದ್ದೇ. ಆದರೆ ಎರಡು ಕಡೆಗಳಿಂದ ಈ ದಾರಿ ಮುಚ್ಚುತ್ತಿದೆ.

ಮೊದಲನೆಯದು ಸರ್ಕಾರದ ನಿಯಮಗಳು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂ. ವಹಿವಾಟು ಮೀರಿದವರಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್, 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದವರಿಗೂ ಕಡ್ಡಾಯವಾಯಿತು. ಈ ಮಿತಿ ಅಕ್ಕಿ ಗಿರಣಿ, ಮೆಕ್ಕೆಜೋಳದ ಸಗಟು ವ್ಯಾಪಾರ, ಬಟ್ಟೆ ಅಂಗಡಿಗಳ ಮಾಲೀಕರಿಗೆ ದೂರದ್ದೇನೂ ಅಲ್ಲ. ಕಂಪನಿ ಕಾಯಿದೆಯಡಿ ನೋಂದಣಿಯಾದ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ, ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುವ ಮತ್ತು ಆ ದಾಖಲೀಕರಣವನ್ನು ನಿಷ್ಕ್ರಿಯಗೊಳಿಸಲಾಗದ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕಾಗಿದೆ. ಹತ್ತು ವರ್ಷ ಹಿಂದಿನ ಆವೃತ್ತಿಯಲ್ಲಿ ಈ ವ್ಯವಸ್ಥೆಯನ್ನು ನಿರೀಕ್ಷಿಸುವಂತಿಲ್ಲ. ಬೆಂಗಳೂರಿನ ಟ್ಯಾಲಿ ಸಂಸ್ಥೆ ಇಂದಿಗೂ ಶಾಶ್ವತ ಪರವಾನಗಿ ನೀಡುತ್ತಿದೆಯಾದರೂ, ಹೊಸ ಆವೃತ್ತಿಗಳು ಹಾಗೂ ಸಂಪರ್ಕ ಸೇವೆಗಳು ದೊರೆಯಬೇಕಾದರೆ ಸೇವಾ ಚಂದಾವನ್ನು ನವೀಕರಿಸಲೇಬೇಕು. ಹೆಸರು ಶಾಶ್ವತವೆಂದಿದ್ದರೂ ಖರ್ಚು ವಾರ್ಷಿಕವಾದದ್ದೇ.

ಎರಡನೆಯದು ತಯಾರಕರು ಬೆಂಬಲವನ್ನು ಹಿಂತೆಗೆದುಕೊಳ್ಳುವುದು. ವಿಂಡೋಸ್ 10, ಆಫೀಸ್ 2016 ಮತ್ತು ಆಫೀಸ್ 2019ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನಿಜಲಿಂಗಪ್ಪ ಬಡಾವಣೆಯಲ್ಲಿ ಹತ್ತು ಗಣಕಯಂತ್ರಗಳಿರುವ ಒಂದು ಲೆಕ್ಕಪರಿಶೋಧಕರ ಕಚೇರಿಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ವಿಂಡೋಸ್ 10ರಲ್ಲೇ ಮುಂದುವರಿದು ಭದ್ರತಾ ಪರಿಷ್ಕರಣೆಗಳನ್ನು ಪಡೆಯಬೇಕಾದರೆ ವಾಣಿಜ್ಯ ಬಳಕೆಗೆ ಮೊದಲ ವರ್ಷ ಪ್ರತಿ ಗಣಕಕ್ಕೆ 61 ಡಾಲರ್, ಬಳಿಕ ಪ್ರತಿವರ್ಷ ದುಪ್ಪಟ್ಟು ದರ. ಅದೂ ಮೂರು ವರ್ಷಗಳಿಗೆ ಮಾತ್ರ. ಮೂರು ವರ್ಷಗಳಿಗೆ ಒಂದು ಗಣಕಕ್ಕೆ 427 ಡಾಲರ್, ಹತ್ತಕ್ಕೆ 4,270 ಡಾಲರ್. ಈ ಮೊತ್ತ ಕೊನೆಗಳಿಗೆಯಲ್ಲಿ ತಿಳಿದರೆ ಆಘಾತ. ಒಂದು ವರ್ಷ ಮುಂಚಿತವಾಗಿ ತಿಳಿದಿದ್ದರೆ ಹಳೆಯ ಯಂತ್ರಗಳನ್ನು ಹಂತಹಂತವಾಗಿ ಬದಲಾಯಿಸುವ ಸರಳ ನಿರ್ಧಾರ. ಎರಡರ ನಡುವಿನ ಅಂತರ ಹಣದ್ದಲ್ಲ, ಮುಂದಾಲೋಚನೆಯದು.

ಎಣಿಕೆಯ ಅಳತೆಗೋಲು

ಒಪ್ಪಂದ ಬದಲಾದಾಗ ವರ್ತಕರು ಸಾಮಾನ್ಯವಾಗಿ ದರವನ್ನಷ್ಟೇ ನೋಡುತ್ತಾರೆ. ದರಕ್ಕಿಂತ ಹೆಚ್ಚಿನ ಪರಿಣಾಮ ಬೀರುವುದು, ಯಾವುದನ್ನು ಎಣಿಸಿ ಶುಲ್ಕ ವಿಧಿಸಲಾಗುತ್ತದೆ ಎಂಬ ಅಂಶ. ಗಣಕಗಳ ಸಂಖ್ಯೆಯೇ, ಬಳಕೆದಾರರ ಸಂಖ್ಯೆಯೇ ಅಥವಾ ಸರ್ವರಿನ ಪ್ರೊಸೆಸರ್ ಕೋರ್‌ಗಳೇ? ಒರಾಕಲ್ ಸಂಸ್ಥೆ 2023ರ ಜನವರಿಯಲ್ಲಿ ತನ್ನ ಜಾವಾ ಚಂದಾವನ್ನು ಸಂಸ್ಥೆಯ ಒಟ್ಟು ನೌಕರರ ಸಂಖ್ಯೆಗೆ ಜೋಡಿಸಿತು. ಜಾವಾ ಬಳಸುವವರು ಇಬ್ಬರೇ ಇದ್ದರೂ ಅರೆಕಾಲಿಕ, ತಾತ್ಕಾಲಿಕ ನೌಕರರೂ ಸೇರಿದಂತೆ ಎಲ್ಲರೂ ಎಣಿಕೆಗೆ ಬರುತ್ತಾರೆ. ನೂರೈವತ್ತು ಮಂದಿ ದುಡಿಯುವ ಗಿರಣಿಯಲ್ಲಿ ಗಣಕದ ಮುಂದೆ ಕೂರುವವರು ನಾಲ್ವರೇ ಆಗಿದ್ದರೆ, ಈ ಅಳತೆಗೋಲಿನ ಪರಿಣಾಮವೇನೆಂದು ವಿವರಿಸುವ ಅಗತ್ಯವಿಲ್ಲ. ಅದೇ ಕೆಲಸಕ್ಕೆ ಓಪನ್ ಜೆಡಿಕೆ ಎಂಬ ಉಚಿತ ರೂಪ ಲಭ್ಯವಿದೆ ಎಂಬುದನ್ನು ತಂತ್ರಾಂಶ ಪೂರೈಸಿದವರು ತಾವಾಗಿ ತಿಳಿಸುವರೆಂದು ಕಾಯುವಂತಿಲ್ಲ.

ಅವಧಿಯ ಆಯ್ಕೆಯೂ ಇಷ್ಟೇ ಮುಖ್ಯ. ಮೈಕ್ರೋಸಾಫ್ಟ್ 2022ರಲ್ಲಿ ಜಾರಿಗೆ ತಂದ ಮಾರಾಟ ಪದ್ಧತಿಯಲ್ಲಿ ಮಾಸಿಕ ಚಂದಾಕ್ಕೆ ವಾರ್ಷಿಕ ಚಂದಾಕ್ಕಿಂತ ಶೇ. 20ರಷ್ಟು ಹೆಚ್ಚು ದರ. ವಾರ್ಷಿಕ ಚಂದಾ ಪಡೆದರೆ ಮೊದಲ 7 ದಿನಗಳ ನಂತರ ರದ್ದುಪಡಿಸಲು ಅವಕಾಶವಿಲ್ಲ. ವಾರ್ಷಿಕ ಒಪ್ಪಂದ ಮಾಡಿಕೊಂಡು ತಿಂಗಳ ಕಂತಿನಲ್ಲಿ ಪಾವತಿಸುವವರಿಗೆ 2025ರ ಏಪ್ರಿಲ್‌ನಿಂದ ಶೇ. 5ರಷ್ಟು ಹೆಚ್ಚುವರಿ ಹೊರೆ ಬಿದ್ದಿದೆ. ಹತ್ತು ತಿಂಗಳ ಮಾಸಿಕ ದರ ಹನ್ನೆರಡು ತಿಂಗಳ ವಾರ್ಷಿಕ ದರಕ್ಕೆ ಸಮ. ಅಂದರೆ ಸುಗ್ಗಿಯ ನಾಲ್ಕು ತಿಂಗಳಿಗಷ್ಟೇ ನೇಮಕಗೊಳ್ಳುವ ಗುಮಾಸ್ತರಿಗೆ ಮಾಸಿಕ ಚಂದಾ ಲಾಭದಾಯಕ, ಕಾಯಂ ನೌಕರರಿಗೆ ವಾರ್ಷಿಕ ಚಂದಾ ಲಾಭದಾಯಕ. ಎಲ್ಲರಿಗೂ ಒಂದೇ ಬಗೆಯ ಚಂದಾ ಪಡೆಯುವುದು ಹಣ ಪೋಲು ಮಾಡಿದಂತೆ.

ನಕಲಿ ಪ್ರತಿಯ ಅಪಾಯ

ಬೆಲೆ ಏರಿದಾಗ ನಕಲಿ ಪ್ರತಿಯತ್ತ ಕೈ ಚಾಚುವುದು ಹಳೆಯ ಚಾಳಿ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ, ನಕಲಿಯೆಂದು ತಿಳಿದೂ ತಂತ್ರಾಂಶ ಬಳಸಿದವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂ. ವರೆಗೆ ದಂಡ ವಿಧಿಸಬಹುದು. ಶಿಕ್ಷೆಯ ಭಯಕ್ಕಿಂತ ಗಂಭೀರವಾದ ಕಾರಣವೂ ಇದೆ. ನಕಲಿ ಪ್ರತಿಯ ಜೊತೆಗೆ ಗಣಕದೊಳಗೆ ಏನು ನುಸುಳಿತೆಂಬುದು ಮಾಲೀಕನಿಗೆ ತಿಳಿಯುವುದಿಲ್ಲ. ಗ್ರಾಹಕರ ಖಾತೆ, ಬ್ಯಾಂಕಿನ ವಿವರ, ತೆರಿಗೆಯ ಪಾಸ್‌ವರ್ಡ್ ಎಲ್ಲವೂ ಅದೇ ಪೆಟ್ಟಿಗೆಯಲ್ಲಿರುತ್ತವೆ. ತಿಜೋರಿಯ ಬೀಗವನ್ನು ಕಳ್ಳಸಂತೆಯಿಂದ ತರುವ ವರ್ತಕ ಯಾರೂ ಇಲ್ಲ.

ಪರವಾನಗಿ ಪಡೆದ ಮಾತ್ರಕ್ಕೆ ಎಲ್ಲವೂ ಸುಭದ್ರ ಎಂದೂ ಭಾವಿಸಬಾರದು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ಹೊಂದಿರುವ ನಯಾರಾ ಎನರ್ಜಿ ಸಂಸ್ಥೆಗೆ 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ಸೇವೆಗಳು ಹಠಾತ್ತನೆ ಸ್ಥಗಿತಗೊಂಡವು. ಕಾರಣ ಯೂರೋಪಿಯನ್ ಒಕ್ಕೂಟ ವಿಧಿಸಿದ ನಿರ್ಬಂಧ. ಶುಲ್ಕ ಪಾವತಿಸಿದ ಪರವಾನಗಿಗಳಿದ್ದರೂ ತನ್ನದೇ ಮಾಹಿತಿಗೆ ತಾನು ಹೊರಗಿನವನಾದ ಸ್ಥಿತಿಯಲ್ಲಿ ಸಂಸ್ಥೆ ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ದೊಡ್ಡ ಸಂಸ್ಥೆಗೆ ನ್ಯಾಯಾಲಯಕ್ಕೆ ಧಾವಿಸುವ ಶಕ್ತಿಯಿತ್ತು. ಸಣ್ಣ ಉದ್ಯಮಿಗೆ ಒಪ್ಪಂದದ ಷರತ್ತು ಮತ್ತು ತನ್ನ ಬಳಿಯಿರುವ ಬ್ಯಾಕಪ್ ಪ್ರತಿ, ಇವೆರಡೇ ರಕ್ಷಣೆ.

ಸಿದ್ಧತೆಯ ಕ್ರಮ

ಆದಕಾರಣ ಪ್ರತಿಯೊಂದು ಸಂಸ್ಥೆಯೂ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಹಿತಕರ.

1. ಪರವಾನಗಿ ವಹಿಯೊಂದನ್ನು ತೆರೆಯಬೇಕು. ತಂತ್ರಾಂಶದ ಹೆಸರು, ಆವೃತ್ತಿ, ಪರವಾನಗಿಯ ಸಂಖ್ಯೆ, ಯಾರ ಹೆಸರಿನಲ್ಲಿದೆ, ಯಾವ ಇ-ಮೇಲ್ ವಿಳಾಸಕ್ಕೆ ನೋಂದಣಿಯಾಗಿದೆ, ಮುಕ್ತಾಯದ ದಿನಾಂಕ, ಖರೀದಿಯ ರಸೀದಿ, ಇಷ್ಟೂ ಅದರಲ್ಲಿರಬೇಕು. ನೋಂದಣಿ ಪೂರೈಕೆದಾರನ ಅಥವಾ ಕೆಲಸ ಬಿಟ್ಟುಹೋದ ನೌಕರನ ಇ-ಮೇಲ್‌ನಲ್ಲಿದ್ದರೆ ಕೂಡಲೇ ಸಂಸ್ಥೆಯ ಹೆಸರಿಗೆ ಬದಲಾಯಿಸಿಕೊಳ್ಳಬೇಕು.

2. ಹಳೆಯ ಶಾಶ್ವತ ಪರವಾನಗಿಗಳ ದಾಖಲೆಗಳನ್ನು ಜೋಪಾನವಾಗಿಡಬೇಕು. ಮಾರಾಟ ನಿಂತರೂ ಹಿಂದೆ ಪಡೆದ ಹಕ್ಕು ತಾನಾಗಿ ರದ್ದಾಗುವುದಿಲ್ಲ. ಆದರೆ ಅದನ್ನು ಸಾಬೀತುಪಡಿಸುವ ಹೊಣೆ ಬಳಕೆದಾರನದು.

3. ನವೀಕರಣಕ್ಕೆ ಆರು ತಿಂಗಳು ಮುಂಚೆ ನಿಜವಾದ ಬಳಕೆಯನ್ನು ಎಣಿಸಬೇಕು. ಯಾರೂ ತೆರೆಯದ ಪರವಾನಗಿಗಳನ್ನು ಕೈಬಿಡಬೇಕು. ಮೂರು ತಿಂಗಳಿರುವಾಗ ಕನಿಷ್ಠ ಎರಡು ಕಡೆಯಿಂದ ದರಪಟ್ಟಿ ತರಿಸಬೇಕು. ದರದ ಮೇಲೆ ಶೇ. 18ರ ಜಿಎಸ್‌ಟಿ ಸೇರುತ್ತದೆ. ಹೂಡುವಳಿ ತೆರಿಗೆ ಜಮೆ ಪಡೆಯಲು ಸರಕುಪಟ್ಟಿಯಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು.

4. ಒಪ್ಪಂದದಲ್ಲಿ ಐದು ಷರತ್ತುಗಳನ್ನು ತಪ್ಪದೆ ಓದಬೇಕು: ಎಣಿಕೆಯ ಅಳತೆಗೋಲು, ಮುಂದಿನ ದರ ಏರಿಕೆಗೆ ಮಿತಿ, ತಾನಾಗಿ ನವೀಕರಣಗೊಳ್ಳುವ ಷರತ್ತು, ತಯಾರಕರು ಬಳಕೆಯನ್ನು ಪರಿಶೀಲಿಸುವ ಹಕ್ಕು, ಒಪ್ಪಂದ ಮುಗಿದ ಬಳಿಕ ಮಾಹಿತಿಯನ್ನು ಹಿಂಪಡೆಯುವ ಅವಧಿ ಮತ್ತು ರೂಪ.

5. ಲೆಕ್ಕಪತ್ರಗಳ ಪ್ರತಿಯನ್ನು ತಂತ್ರಾಂಶದ ನೆರವಿಲ್ಲದೆಯೂ ಓದಬಹುದಾದ ರೂಪದಲ್ಲಿ ತೆಗೆದಿಡಬೇಕು. ಕಂಪನಿ ಕಾಯಿದೆಯಂತೆ ಲೆಕ್ಕಪುಸ್ತಕಗಳನ್ನು 8 ವರ್ಷ, ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಚಂದಾ ಒಂದು ವರ್ಷದ್ದು, ಹೊಣೆ ಎಂಟು ವರ್ಷದ್ದು. ಚಂದಾ ನಿಂತ ಮೇಲೆ ಪುಸ್ತಕ ತೆರೆಯದಿದ್ದರೆ ತೆರಿಗೆ ಅಧಿಕಾರಿಯ ಮುಂದೆ ಆ ಕಾರಣ ನಿಲ್ಲದು.

6. ಅಗತ್ಯವಿದ್ದೆಡೆ ಮಾತ್ರ ಹಣ ತೊಡಗಿಸಬೇಕು. ಪತ್ರ ಬರೆಯಲು, ಸರಳ ಕೋಷ್ಟಕ ತಯಾರಿಸಲು ಲಿಬ್ರೆ ಆಫೀಸ್‌ನಂತಹ ಉಚಿತ ತಂತ್ರಾಂಶ ಸಾಕಾಗುವ ನೌಕರರು ಪ್ರತಿ ಕಚೇರಿಯಲ್ಲೂ ಇರುತ್ತಾರೆ.

ವಾಣಿಜ್ಯ ಸಂಸ್ಥೆಗಳ ಹೊಣೆ

ಚಂದಾ ಪದ್ಧತಿಯಲ್ಲಿ ಕೆಡುಕಷ್ಟೇ ಇದೆ ಎನ್ನುವುದು ನ್ಯಾಯವಲ್ಲ. ಆರಂಭದ ಬಂಡವಾಳ ಕಡಿಮೆ, ತೆರಿಗೆ ನಿಯಮ ಬದಲಾದಂತೆ ತಂತ್ರಾಂಶವೂ ಬದಲಾಗುತ್ತದೆ, ಹೊಸದಾಗಿ ಉದ್ಯಮ ಆರಂಭಿಸುವ ಯುವಕರಿಗೆ ಇದು ವರವೇ ಸರಿ. ಆಕ್ಷೇಪ ಇರುವುದು, ಒಂದು ಪಕ್ಷ ಷರತ್ತು ಬರೆದು ಇನ್ನೊಂದು ಪಕ್ಷ ಓದದೆ ಒಪ್ಪುವ ಪರಿಪಾಠಕ್ಕೆ. ಮೈಕ್ರೋಸಾಫ್ಟ್‌ನ ದೊಡ್ಡ ಉದ್ಯಮಗಳ ಒಪ್ಪಂದಕ್ಕೆ ಸಾಮಾನ್ಯವಾಗಿ ಕನಿಷ್ಠ 500 ಬಳಕೆದಾರರಿರಬೇಕು. ಐದೋ ಹತ್ತೋ ಪರವಾನಗಿ ಪಡೆಯುವ ವರ್ತಕನ ಮಾತಿಗೆ ಅಲ್ಲಿ ಬೆಲೆ ಇರದು. ಆದರೆ ಐವತ್ತು ವರ್ತಕರು ತಾವು ತೆತ್ತ ದರವನ್ನು ಪರಸ್ಪರ ಹಂಚಿಕೊಂಡು, ಒಂದೇ ಕಾಲಕ್ಕೆ ದರಪಟ್ಟಿ ಕೇಳಿದರೆ ಸ್ಥಳೀಯ ಪೂರೈಕೆದಾರ ಕಿವಿಗೊಡಲೇಬೇಕಾಗುತ್ತದೆ. ವಾಣಿಜ್ಯ ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಲೆಕ್ಕಪರಿಶೋಧಕರು, ವಕೀಲರು ಮತ್ತು ತಂತ್ರಜ್ಞರನ್ನು ಒಂದೆಡೆ ಸೇರಿಸಿ, ಮುಂಬರುವ ಮುಕ್ತಾಯದ ದಿನಾಂಕಗಳನ್ನೂ ಬದಲಾಗುವ ಷರತ್ತುಗಳನ್ನೂ ಕನ್ನಡದಲ್ಲಿ ಸದಸ್ಯರಿಗೆ ತಿಳಿಸುವ ವ್ಯವಸ್ಥೆ ಮಾಡಬೇಕು. ಒಪ್ಪಂದಗಳು ಇಂಗ್ಲಿಷಿನಲ್ಲಿರುವುದೇ ಓದದಿರಲು ಮುಖ್ಯ ಕಾರಣವಾಗಿರುವ ಕಡೆ ಈ ಒಂದು ಕೆಲಸವೇ ದೊಡ್ಡ ಉಪಕಾರ.

ದೀಪಾವಳಿಯಂದು ಹೊಸ ಖಾತೆಪುಸ್ತಕಕ್ಕೆ ಪೂಜೆ ಸಲ್ಲಿಸುವ ಸಂಪ್ರದಾಯ ದಾವಣಗೆರೆಯ ಪೇಟೆಯಲ್ಲಿ ಇನ್ನೂ ಜೀವಂತವಾಗಿದೆ. ಆ ಪುಸ್ತಕ ಈಗ ಗಣಕಯಂತ್ರದೊಳಗೆ ಸೇರಿದೆ. ಅದರ ಬೀಗದ ಕೈ ಒಪ್ಪಂದವೊಂದರಲ್ಲಿದೆ. ಅಂಗಡಿಯ ಬಾಡಿಗೆ ಕರಾರನ್ನೂ ಬ್ಯಾಂಕಿನ ಸಾಲಪತ್ರವನ್ನೂ ಸಾಲುಸಾಲಾಗಿ ಓದಿ ರುಜು ಹಾಕುವ ವರ್ತಕ, ಈ ಒಪ್ಪಂದವನ್ನೂ ಅದೇ ಎಚ್ಚರದಿಂದ ಓದುವಂತಾಗಬೇಕು. ಮುಂದಿನ ನವೀಕರಣದ ದಿನಾಂಕ ಯಾವುದು ಎಂಬ ಪ್ರಶ್ನೆಗೆ ಮಾಲೀಕನೇ ಉತ್ತರಿಸಬಲ್ಲನಾದರೆ ಸಿದ್ಧತೆ ಆರಂಭವಾಯಿತೆಂದೇ ಅರ್ಥ.